ಕೊರಳ ಹಾರವಾದ ಸಂಖ್ಯೆ

ಇವತ್ತು ಒಂದೇ ಒಂದು ಸಂಖ್ಯೆಯ ವಿಚಾರ. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಋಷಿಕೊಂಡದ ದಂಡೆಯಲ್ಲಿ ಕೂತು ಕೇಳುತ್ತಿರುವವರಿಗೆ ಮರಳೇ ಸಾಕು.

ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೀಗೆ ಓದಿದರೆ ಯಾವುದೋ ಬಜೆಟ್ಟಿನ ಬಾಬ್ತು ಅನ್ನಿಸುತ್ತದೆ, ಅಲ್ಲವೇ? ಈಗ ಬಿಡಿಬಿಡಿಯಾಗಿ ಬರೆಯಿರಿ: 12345654321. ಹಿಂದಿನಿಂದ ಓದಿದರೂ ಅದೇ!

ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯನ್ನು ತಂದ. ಅವನು ಕೋಟಿ, ಲಕ್ಷಗಳ ಗೊಡವೆಗೇ ಹೋಗಲಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ಪದ್ಯದಲ್ಲೇ ಸೂಚಿಸಿಬಿಟ್ಟ. ಕಿವಿಯಿಂದಲೇ ಕಲಿಯುತ್ತಿದ್ದ ಕಾಲ ಅದು. ಮೈಕಿನ ಮುಂದೆ ದಿನಾ ಅಂಕಿ ಓದುವ ನನಗೆ ಆ ಉಪಾಯದ ಬೆಲೆ ಚೆನ್ನಾಗಿ ಗೊತ್ತು. 27994681 ಅನ್ನು 441ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಹೀಗೆ ಅಂದವಾಗಿ ಪೋಣಿಸಿಕೊಳ್ಳುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ.

ಹಾರದ ಗುಟ್ಟು ಸರಳ. ಮರಳಿನಲ್ಲಿ 111111 ಬರೆದು ಅದನ್ನು ಅದರಿಂದಲೇ ಗುಣಿಸಿ. ಆರು ಸಾಲು ಒಂದುಗಳು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಜರುಗುತ್ತದೆ. ಕಂಬಸಾಲುಗಳನ್ನು ಕೂಡಿದರೆ ಬಲತುದಿಯಲ್ಲಿ ಒಂದು, ಆಮೇಲೆ ಎರಡು, ನಡುವೆ ಆರು, ಮತ್ತೆ ಇಳಿತ. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ. ಹತ್ತಕ್ಕೆ ದಶಕ ಬಂದು ಹಾರ ಹರಿಯುತ್ತದೆ.

ಇದರ ಜಾತಕ ಇನ್ನೂ ಇದೆ. ಪೂರ್ಣವರ್ಗ, ಬೆಸ ಸಂಖ್ಯೆ. 3, 7, 11, 13, 37, ಈ ಐದು ಅವಿಭಾಜ್ಯಗಳ ವರ್ಗಗಳನ್ನು ಗುಣಿಸಿದರೆ ಇದೇ ಬರುತ್ತದೆ. ಭಾಜಕಗಳು ಒಟ್ಟು 243. ತನ್ನನ್ನು ಬಿಟ್ಟು ಉಳಿದವನ್ನೆಲ್ಲ ಕೂಡಿದರೆ 13029870672, ಮೂಲ ಸಂಖ್ಯೆಗಿಂತ ಹೆಚ್ಚು! ಬೆಸ ಸಂಖ್ಯೆಗಳಲ್ಲಿ ಇಂಥವು ವಿರಳ. ಸಾವಿರದೊಳಗೆ ಹುಡುಕಿದರೆ 945 ಒಂದೇ ಸಿಗುತ್ತದೆ.

ಇನ್ನು ನಾವಿರುವ ಊರಿನ ಮಾತು. ಕನ್ನಡನಾಡಿನ ದೊರೆಯ ಕಾಲದಲ್ಲಿ ಸಂಸ್ಕೃತದಲ್ಲಿ ಹುಟ್ಟಿದ ಈ ಪುಸ್ತಕವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಸಾಮಾನ್ಯವಾಗಿ ಅವನನ್ನು 11ನೆಯ ಶತಮಾನಕ್ಕೆ ಸೇರಿಸುತ್ತಾರೆ. ಜೈನ ಉದಾಹರಣೆಗಳಿದ್ದ ಕಡೆ ಶೈವ ಉದಾಹರಣೆ ಹಾಕಿಕೊಂಡ. ಕೆಲವರಿಗೆ ಇದು ಕಸಿವಿಸಿ ತರಬಹುದು, ನನಗಂತೂ ಇಲ್ಲ. ಲೆಕ್ಕ ಬೇರೆ ಮನೆಗೆ ಹೋದಾಗ ಆ ಮನೆಯ ದೇವರಿಗೆ ಕೈಮುಗಿಯಿತು, ಅಷ್ಟೆ. ಮೂಲಗ್ರಂಥಕ್ಕೆ ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ತೆಲುಗಿಗೆ ಬಂದು ಎಷ್ಟು ಶತಮಾನ ಕಳೆದಿತ್ತು, ಲೆಕ್ಕ ಹಾಕಿ!

ನಮ್ಮ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಎಣಿಸುತ್ತಾರೆ, ಆಟಕ್ಕಿಳಿದರೆ ತೆಲುಗಿನಲ್ಲಿ. 'ಐವತ್ತಾರು' ಅಂದರೆ ಎಷ್ಟಮ್ಮಾ ಎಂದು ಕೇಳುವ ಮಕ್ಕಳೂ ಇದ್ದಾರೆ. ಅವರಿಗೆ ಇವತ್ತೊಂದು ಲೆಕ್ಕ ಕೊಡಿ. ಇದೂ ಮಹಾವೀರಾಚಾರ್ಯನದೇ: 152207 ಅನ್ನು 73ರಿಂದ ಗುಣಿಸಬೇಕು. ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ಉತ್ತರವನ್ನು ಕನ್ನಡದಲ್ಲಿ, ಕೋಟಿಯಿಂದ ಶುರುಮಾಡಿ, ಗಟ್ಟಿಯಾಗಿ ಓದಬೇಕು.