ಮೂರು ಈರುಳ್ಳಿ, ಒಂದೇ ಪಂಕ್ತಿ
(ಯುಗಾದಿ ಸಮಾರಂಭದಲ್ಲಿ ದಂಪತಿಗಳು ಜೊತೆಯಾಗಿ ಮಾಡಿದ ಭಾಷಣದ ಬರಹ ರೂಪ)



ಊಟಕ್ಕೆ ಮುಂಚೆ ಭಾಷಣ ಮಾಡುವವರನ್ನು ಯಾರೂ ಇಷ್ಟಪಡುವುದಿಲ್ಲ ಎಂದು ನಮಗೆ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ. ನಾವಿರುವುದು ಬಕಿಂಗ್‌ಹ್ಯಾಮ್‌ಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲೊಂದು ಗಾರ್ಡನಿಂಗ್ ಕ್ಲಬ್ ಇದೆ. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ಶನಿವಾರ ಅದರ ಪ್ರೊಡ್ಯೂಸ್ ಷೋ, ಅಂದರೆ ಮನೆಯಲ್ಲಿ ಬೆಳೆದ ತರಕಾರಿ, ಹಣ್ಣು, ಹೂವು, ಮನೆಯಲ್ಲೇ ಮಾಡಿದ ಜಾಮ್, ಚಟ್ನಿ, ಕೇಕುಗಳ ಸ್ಪರ್ಧೆ. ನಾವು ಐದು ವರ್ಷದಿಂದ ಅದರಲ್ಲಿ ಭಾಗವಹಿಸುತ್ತಿದ್ದೇವೆ. ಈ ವರ್ಷ ನೀವೂ ನಿಮ್ಮ ನಿಮ್ಮ ಊರಿನ ಷೋಗೆ ಕನಿಷ್ಠ ಒಂದು ತಟ್ಟೆ ಕೊಡಬೇಕು ಎಂದು ಕೇಳುವುದಕ್ಕೇ ನಾವು ಇಲ್ಲಿ ನಿಂತಿರುವುದು. ಕಾರಣವನ್ನು ಆಮೇಲೆ ಹೇಳುತ್ತೇವೆ.

ಫಲಪುಷ್ಪ ಪ್ರದರ್ಶನ ಎಂದರೆ ನಮಗೆಲ್ಲ ನೆನಪಾಗುವುದು ಲಾಲ್‌ಬಾಗ್. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆ, ಜನವರಿ ಮತ್ತು ಆಗಸ್ಟ್ ತಿಂಗಳಿನ ಜನಜಂಗುಳಿ, ಹೂವಿನಲ್ಲೇ ಕಟ್ಟಿದ ಗೋಪುರಗಳು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ ಅವರು ಹುಟ್ಟಿನಿಂದ ಜರ್ಮನಿಯವರಾದರೂ ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಕೆಲಸ ಮಾಡಿ ಬಂದವರು. ಹೀಗಾಗಿ ಈ ದೇಶಕ್ಕೂ ನಮ್ಮ ಲಾಲ್‌ಬಾಗಿಗೂ ನಂಟು ಹಳೆಯದು. ಆದರೆ ಅಲ್ಲಿ ನಾವು ಟಿಕೆಟ್ ತೆಗೆದುಕೊಂಡು ನೋಡಲು ಹೋಗುವವರು. ಇಲ್ಲಿಯ ಹಳ್ಳಿ ಷೋನಲ್ಲಿ ನೋಡುವವರೂ ನಾವೇ, ಇಡುವವರೂ ನಾವೇ. ಪೋಸ್ಟ್ ಆಫೀಸಿನಾಕೆ, ನಿವೃತ್ತ ಬಸ್ ಡ್ರೈವರ್, ಶಾಲೆಯ ಮೇಷ್ಟ್ರು, ಎಲ್ಲರೂ ತಮ್ಮ ಹಿತ್ತಲಿನದನ್ನು ತಂದು ಮೇಜಿನ ಮೇಲೆ ಇಡುತ್ತಾರೆ. ಈ ಪದ್ಧತಿಗೆ ಈ ದೇಶದಲ್ಲಿ ಇನ್ನೂರು ವರ್ಷಕ್ಕೂ ಮೀರಿದ ವಯಸ್ಸಿದೆ. ಯಾರ್ಕ್‌ಷೈರ್‌ನ ಎಗ್ಟನ್ ಬ್ರಿಜ್ ಎಂಬ ಊರಿನ ಗೂಸ್‌ಬೆರಿ ಷೋ ಶುರುವಾದದ್ದು 1800ರಲ್ಲಿ. ಒಂದೇ ಒಂದು ಹಣ್ಣನ್ನು ತಕ್ಕಡಿಯಲ್ಲಿ ತೂಗಿ ಬಹುಮಾನ ಕೊಡುವ ಜನ ಇವರು!

ಸರಿ, ಭಾಗವಹಿಸುವುದು ಹೇಗೆ? ವಸಂತದಲ್ಲಿ ಕ್ಲಬ್ಬಿನವರು ಷೆಡ್ಯೂಲ್ ಎಂಬ ಪುಸ್ತಿಕೆ ಹಂಚುತ್ತಾರೆ. ಅದರಲ್ಲಿ ಕ್ಲಾಸ್ 1, ಕ್ಲಾಸ್ 2 ಎಂದು ನಂಬರು ಕೊಟ್ಟು ಬರೆದಿರುತ್ತದೆ: ಈರುಳ್ಳಿ ಮೂರು, ಆಲೂಗಡ್ಡೆ ನಾಲ್ಕು, ಟೊಮ್ಯಾಟೊ ಐದು, ರನ್ನರ್ ಬೀನ್ಸ್ ಆರು, ಹೀಗೆ. ಪ್ರವೇಶ ಶುಲ್ಕ ಕೆಲವು ಪೆನ್ನಿಗಳು, ನಮ್ಮಲ್ಲಿ 30 ಪೆನ್ಸ್. ಮೊದಲ ಬಹುಮಾನ ಒಂದು ಪೌಂಡ್. ಅದರ ಜೊತೆಗೆ ಒಂದು ಬೆಳ್ಳಿ ಕಪ್ ಸಿಕ್ಕಿದರೆ ವರ್ಷವಿಡೀ ಅದಕ್ಕೆ ಪಾಲಿಷ್ ಹಾಕಿ ಮರುವರ್ಷ ವಾಪಸ್ಸು ಕೊಡಬೇಕು. ಲಾಭದ ವ್ಯವಹಾರವಂತೂ ಅಲ್ಲ.

ಷೆಡ್ಯೂಲಿನಲ್ಲಿ ಬರೆದಿರುವ ಸಂಖ್ಯೆ ವೇದವಾಕ್ಯ. ಐದು ಎಂದರೆ ಐದೇ. ನಮ್ಮ ಪಕ್ಕದ ಮನೆಯ ತಾತ ಒಂದು ವರ್ಷ ಅದ್ಭುತವಾದ ಟೊಮ್ಯಾಟೊ ತಂದು, ಔದಾರ್ಯದಿಂದ ಆರು ಇಟ್ಟರು. ತೀರ್ಪುಗಾರರು ರುಚಿ ನೋಡಲಿಲ್ಲ, ಬಣ್ಣ ನೋಡಲಿಲ್ಲ, ಚೀಟಿಯ ಮೇಲೆ ಎನ್.ಎ.ಎಸ್. ಎಂದು ಬರೆದು ಮುಂದೆ ಹೋದರು. ಷೆಡ್ಯೂಲಿನಂತೆ ಇಲ್ಲ ಎಂದು ಅದರ ಅರ್ಥ. ತಾತ ಆ ಚೀಟಿಯನ್ನು ತಮ್ಮ ಷೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ.

ಇನ್ನು ತೀರ್ಪಿನ ವಿಷಯ. ದೊಡ್ಡದೇ ಗೆಲ್ಲುತ್ತದೆ ಎಂದು ನಮ್ಮವರಲ್ಲಿ ಬಹಳ ಜನ ತಿಳಿದಿದ್ದಾರೆ. ಅತಿ ಭಾರದ ಕುಂಬಳಕಾಯಿಗೆ ಬೇರೆ ಸ್ಪರ್ಧೆಗಳಿವೆ, ಅದು ಬೇರೆ ಮಾತು. ಸಾಮಾನ್ಯ ಕ್ಲಾಸಿನಲ್ಲಿ ನೋಡುವುದು ಒಂದರಂತೆ ಇನ್ನೊಂದು ಇದೆಯೇ ಎಂಬುದನ್ನು. ಎರಡು ಭಾರಿ ಈರುಳ್ಳಿಯ ಪಕ್ಕ ಒಂದು ಪುಟ್ಟ ಈರುಳ್ಳಿ ಕೂತರೆ ಕೆಲಸ ಕೆಟ್ಟಂತೆಯೇ. ಮಧ್ಯಮ ಗಾತ್ರದ, ಅವಳಿ ತ್ರಿವಳಿಗಳಂತಿರುವ ಮೂರು ಅದನ್ನು ಸೋಲಿಸುತ್ತವೆ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ಇದಕ್ಕೆಂದೇ ಒಂದು ಕೈಪಿಡಿ ಪ್ರಕಟಿಸಿದ್ದಾರೆ. ಬಹುಪಾಲು ಹಳ್ಳಿ ಷೋಗಳ ತೀರ್ಪುಗಾರರಿಗೆ ಅದೇ ಆಧಾರ. ಕಷ್ಟದ ಬೆಳೆಗೆ ಹೆಚ್ಚು ಅಂಕ, ಸುಲಭದ ಬೆಳೆಗೆ ಕಡಿಮೆ. ಆಲೂಗಡ್ಡೆಗೆ 20, ರನ್ನರ್ ಬೀನ್ಸ್‌ಗೆ 18, ನೀವು ಬೇಡವೆಂದರೂ ಕಾಯಿ ಬಿಡುವ ಕೂರ್ಜೆಟ್‌ಗೆ ಬರೀ 12.

ಈ ವಿಷಯದಲ್ಲಿ ನಮ್ಮ ಗುರು ಅಮ್ಮ. ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಯಿ, ಒಬ್ಬರಿಗೆ ಅತ್ತೆ, ಇಬ್ಬರೂ ಕರೆಯುವುದು ಅಮ್ಮ ಎಂದೇ. ಹಾಸನದ ಕಡೆಯವರು, ಆಲೂಗಡ್ಡೆಯ ಸೀಮೆ. ಅಪ್ಪ ಹೋದ ಮೇಲೆ ಬೇಸಿಗೆಗೆ ನಮ್ಮಲ್ಲಿಗೆ ಬರುತ್ತಾರೆ, ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಅಮ್ಮನಿಗೆ ಮನೆ, ಟೀವಿ, ಕಿಟಕಿ. ಇಲ್ಲಿ ಕೂತಿರುವ ಎಷ್ಟೋ ಮನೆಗಳ ಕಥೆ ಇದೇ, ವಿವರಿಸಿ ಹೇಳಬೇಕಾಗಿಲ್ಲ. ಹಿತ್ತಲಿನಲ್ಲಿ ನಾವು ಹಾಕಿದ್ದ ಆಲೂಗಡ್ಡೆಯನ್ನು ಒಂದು ದಿನ ಅಮ್ಮನೇ ಅಗೆದು ತೆಗೆದರು. ಬಕೆಟ್ಟಿನಷ್ಟು ಗಡ್ಡೆಯನ್ನು ಊಟದ ಮೇಜಿನ ಮೇಲೆ ಸುರಿದು, ಅರ್ಧ ಗಂಟೆಯಲ್ಲಿ ನಾಲ್ಕನ್ನು ಆರಿಸಿಟ್ಟರು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ನಾಲ್ಕೂ ಇನ್ನೂರು ಗ್ರಾಂ ಆಸುಪಾಸು, ಐದಾರು ಗ್ರಾಂ ವ್ಯತ್ಯಾಸ ಅಷ್ಟೇ. ಹೇಗಮ್ಮ ಎಂದರೆ, "ಎಣ್ಣೆಗಾಯಿಗೆ ಬದನೆಕಾಯಿ ಆರ್ಸಲ್ವೇನ್ರೋ? ಒಂದು ದಪ್ಪ ಒಂದು ಸಣ್ಣ ಆದ್ರೆ ಒಂದು ಬೇಯುತ್ತೆ, ಒಂದು ಬೇಯಲ್ಲ" ಎಂದರು. ಕೈಪಿಡಿಯ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು.

ರನ್ನರ್ ಬೀನ್ಸ್ ಕ್ಲಾಸಿನಲ್ಲೂ ಹಾಗೆಯೇ. ತೀರ್ಪುಗಾರರು ಒಂದು ಕಾಯಿಯನ್ನು ಎತ್ತಿ ಲಟಕ್ಕನೆ ಮುರಿದು ನೋಡುತ್ತಾರೆ. ನಾರು ಬಂದರೆ ಮುಗಿಯಿತು. ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಮುರಿದು ನೋಡಿ ಗಾಡಿಯವರಿಂದ ಬೈಸಿಕೊಂಡ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆಲವು ಸಂಗತಿಗಳು ಹೊಸದಾಗಿ ಕಲಿಯಬೇಕಾದವು. ಟೊಮ್ಯಾಟೊಗೆ ಹಸಿರು ತೊಟ್ಟು ಇರಲೇಬೇಕು. ಪ್ಲಮ್ ಹಣ್ಣಿನ ಮೇಲಿನ ಬೂದಿಯಂಥ ಮಬ್ಬನ್ನು ಒರೆಸಬಾರದು, ತೊಟ್ಟು ಹಿಡಿದೇ ಕೀಳಬೇಕು. ಆಲೂಗಡ್ಡೆಯನ್ನು ಬ್ರಷ್ಷಿನಿಂದ ಉಜ್ಜಿದರೆ ಸಿಪ್ಪೆ ಗೀರುತ್ತದೆ, ಒದ್ದೆ ಸ್ಪಾಂಜಿನಲ್ಲಿ ಮೆಲ್ಲಗೆ ತೊಳೆಯಬೇಕು, ಬೆಳಕಿಗೆ ಇಟ್ಟರೆ ಹಸಿರಾಗುತ್ತದೆ. ಈರುಳ್ಳಿಯನ್ನು ಎರಡು ಮೂರು ವಾರ ಮುಂಚೆ ಕಿತ್ತು ಒಣಗಿಸಿ, ಕತ್ತಿನ ಭಾಗ ಮಡಿಸಿ ರಾಫಿಯಾ ನಾರಿನಿಂದ ಕಟ್ಟಬೇಕು. ಹೊಳೆಯಲಿ ಎಂದು ಸಿಪ್ಪೆ ಮೇಲೆ ಸಿಪ್ಪೆ ಸುಲಿದರೆ ಅಂಕ ಹೋಗುತ್ತದೆ.

ಅಡುಗೆಯ ಕ್ಲಾಸುಗಳಂತೂ ನಮಗೆ ಹೇಳಿ ಮಾಡಿಸಿದವು. ಮೊಟ್ಟೆ ತಿನ್ನದ ಮನೆಯವರು ವಿಕ್ಟೋರಿಯಾ ಸ್ಪಾಂಜ್ ಬಿಟ್ಟುಬಿಡಿ, ಷಾರ್ಟ್‌ಬ್ರೆಡ್ ಇದೆ, ಜಾಮ್ ಇದೆ. ಮಾಡುವವರಿಗೆ ಒಂದು ಮಾತು: ಆ ಸ್ಪಾಂಜಿಗೆ ನಡುವೆ ರಾಸ್ಪ್‌ಬೆರಿ ಜಾಮ್, ಮೇಲೆ ಸಣ್ಣ ಸಕ್ಕರೆ, ಇಷ್ಟೇ. ಕ್ರೀಮು ಬೇಡ. ತಣ್ಣಗಾಗಲು ಇಟ್ಟ ತಂತಿಯ ಗುರುತು ಕೇಕಿನ ಮೇಲೆ ಕಂಡರೂ ಅಂಕ ಕಡಿಯುತ್ತಾರೆ. ಈ ಕಟ್ಟುಪಾಡುಗಳಲ್ಲಿ ಬಹಳಷ್ಟು ವಿಮೆನ್ಸ್ ಇನ್‌ಸ್ಟಿಟ್ಯೂಟ್‌ನವರು ಬೆಳೆಸಿದ್ದು. 1915ರಲ್ಲಿ ವೇಲ್ಸ್‌ನಲ್ಲಿ ಬ್ರಿಟನ್ನಿನ ಮೊದಲ ಶಾಖೆ ತೆರೆದ ಸಂಘ ಅದು. ಮಡಿಯ ವಿಷಯದಲ್ಲಿ ನಮ್ಮ ಅಜ್ಜಿಯರನ್ನೂ ಮೀರಿಸುತ್ತಾರೆ! ಚಟ್ನಿ ಎಂದರೆ ಇಲ್ಲಿ ಕೊಬ್ಬರಿ ಚಟ್ನಿಯಲ್ಲ, ವಿನಿಗರ್ ಸಕ್ಕರೆ ಹಾಕಿ ಕುದಿಸಿ ಬಾಟಲಿಗೆ ತುಂಬುವ ನಮ್ಮ ಗೊಜ್ಜಿನ ದಾಯಾದಿ. ಎರಡು ಮೂರು ತಿಂಗಳು ಹಣ್ಣಾಗಬೇಕು, ಆದ್ದರಿಂದ ಸೆಪ್ಟೆಂಬರ್ ಷೋಗೆ ಜೂನ್‌ನಲ್ಲೇ ಮಾಡಿಡಬೇಕು. ಬಾಟಲಿಯ ಮೇಲೆ ಯಾವ ಕಂಪನಿಯ ಹೆಸರೂ ಕಾಣಬಾರದು, ಮಾಡಿದ ತಾರೀಖು ಬರೆದಿರಬೇಕು. ಅಮ್ಮ ರುಬಾರ್ಬ್ ದಂಟಿಗೆ ಸಾಸಿವೆ, ಮೆಂತ್ಯ, ಒಣಮೆಣಸಿನಕಾಯಿ, ಬೆಲ್ಲ, ವಿನಿಗರ್ ಹಾಕಿ ಗೊಜ್ಜು ಮಾಡಿದರು. ಎಲೆ ಮಾತ್ರ ವಿಷ, ಮರೆಯಬೇಡಿ. ಅದಕ್ಕೆ ಎರಡನೇ ಬಹುಮಾನ ಬಂತು. ಆಮೇಲೆ ಬಸ್ ಡ್ರೈವರ್ ತಾತ ಮನೆಗೇ ಬಂದು, ಅಮ್ಮನಿಗೆ ಬಾರದ ಇಂಗ್ಲಿಷಿನಲ್ಲೂ ಅವರಿಗೆ ಬಾರದ ಕನ್ನಡದಲ್ಲೂ ಇಬ್ಬರೂ ಒಂದು ಗಂಟೆ ಒಗ್ಗರಣೆಯ ಬಗ್ಗೆ ಮಾತಾಡಿದರು.

ನಮ್ಮ ಸೊಪ್ಪು ತರಕಾರಿಗೂ ಜಾಗವಿದೆ. ಹಸಿಮೆಣಸಿನಕಾಯಿಗೆ ಈಗ ಹಲವು ಷೋಗಳಲ್ಲಿ ಪ್ರತ್ಯೇಕ ಕ್ಲಾಸೇ ಇದೆ. ಸಬ್ಬಸಿಗೆ, ಕೊತ್ತಂಬರಿ ಹರ್ಬ್ಸ್ ಹೂದಾನಿಗೆ ಹೋಗುತ್ತವೆ. ಮೆಂತ್ಯ, ದಂಟು, ಗ್ರೀನ್‌ಹೌಸಿನಲ್ಲಿ ಬೆಳೆದ ಹಾಗಲ ಇವೆಲ್ಲ "ಬೇರೆ ಯಾವುದೇ ತರಕಾರಿ" ಎಂಬ ಕ್ಲಾಸಿಗೆ. ಅವರೆಕಾಯಿ ಆಸೆ ಇರುವವರು ಸ್ವಲ್ಪ ಕೇಳಿ. ಹಳೆಯ ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವ ಗಿಡ. ಇಲ್ಲಿ ಹಗಲು ಚಿಕ್ಕದಾಗುವ ಹೊತ್ತಿಗೆ ಚಳಿ ಬಂದು ಗಿಡವೇ ಹೋಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರ ಹೆಬ್ಬಾಳ ಅವರೆ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಊರಿನಿಂದ ಸೂಟ್‌ಕೇಸಿನಲ್ಲಿ ಬೀಜ ತರಬೇಡಿ, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ.

ಈಗ ಕಾರಣಕ್ಕೆ ಬರುತ್ತೇವೆ. 2020ರಲ್ಲಿ ಕೋವಿಡ್‌ನಿಂದ ನಮ್ಮ ಷೋ ನಡೆಯಲಿಲ್ಲ. ನಿಂತದ್ದು ಮತ್ತೆ ಶುರುವಾದಾಗ ಹಳಬರು ಕೆಲವರು ಬರಲಿಲ್ಲ, ಕೆಲವರು ಇರಲಿಲ್ಲ. ಹೊಸಬರು ಸೇರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಹಾಲ್‌ನ ನಾಲ್ಕು ಮೇಜುಗಳನ್ನು ಬಿಚ್ಚಲೇ ಇಲ್ಲ, ಗೋಡೆಗೆ ಒರಗಿಸಿ ಇಟ್ಟಿದ್ದರು. ಅಕ್ಟೋಬರಿನ ವಾರ್ಷಿಕ ಸಭೆಯಲ್ಲಿ ಷೋ ಕಾರ್ಯದರ್ಶಿ ತಮಗೆ ವಯಸ್ಸಾಯಿತು, ಯಾರೂ ಮುಂದೆ ಬರದಿದ್ದರೆ ಇನ್ನು ಷೋ ಇಲ್ಲ ಎಂದರು. ಅದೇ ಸಭೆಯಲ್ಲಿ ಇನ್ನೊಬ್ಬ ಸದಸ್ಯರು, ನಮ್ಮ ಮೇಲಿನ ವಿಶ್ವಾಸದಿಂದಲೇ, ಹೊಸಬರನ್ನು ಕರೆತರಲು ಭಾರತೀಯ ತರಕಾರಿಗಳಿಗೆ ಬೇರೆ ವಿಭಾಗ, ಬೇರೆ ಮೇಜು ಮಾಡೋಣವೇ ಎಂದು ಕೇಳಿದರು.

ನಮಗೆ ಮೊದಲು ಒಳ್ಳೆಯ ಯೋಚನೆ ಎನ್ನಿಸಿತು. ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆವು. ಅಮ್ಮ ಕೇಳಿದ್ದು ಇಷ್ಟೇ: "ಅದ್ಯಾಕ್ರೋ ನಮಗೆ ಬೇರೆ ಪಂಕ್ತಿ? ಅವರ ಈರುಳ್ಳಿ ಪಕ್ಕದಲ್ಲೇ ನಮ್ಮದೂ ಇಡ್ಲಿ. ಸೋತ್ರೆ ಸೋಲ್ತೀವಿ." ಪಂಕ್ತಿಭೇದ ಎಂದರೆ ಏನೆಂದು ಅಮ್ಮನ ವಯಸ್ಸಿನವರಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ನಾವು ಕಮಿಟಿಗೆ ಪತ್ರ ಬರೆದೆವು: ಬೇರೆ ಮೇಜು ಬೇಡ, ಇರುವ ಕ್ಲಾಸುಗಳಲ್ಲೇ ಇಡುತ್ತೇವೆ, ಮೆಣಸಿನಕಾಯಿ ಕ್ಲಾಸು ಎಲ್ಲರಿಗೂ ತೆರೆದಿರಲಿ, ಕಾರ್ಯದರ್ಶಿ ಕೆಲಸ ನಾವಿಬ್ಬರೂ ಮಾಡುತ್ತೇವೆ. ಅವರು ಒಪ್ಪಿದರು. ಒಂದು ವರ್ಷ ನೋಡೋಣ, ಮೇಜು ತುಂಬದಿದ್ದರೆ ನಿಲ್ಲಿಸೋಣ ಎಂಬ ಷರತ್ತಿನ ಮೇಲೆ.

ಆ ಒಂದು ವರ್ಷ ಇದೇ ವರ್ಷ. ಅಮ್ಮ ಬರುತ್ತಾರೋ ಇಲ್ಲವೋ ಇನ್ನೂ ತಿಳಿಯದು. ಮೊಣಕಾಲು ನೋವು, ಡಾಕ್ಟರು ಮೇ ತಿಂಗಳಲ್ಲಿ ಹೇಳುತ್ತೇನೆ ಎಂದಿದ್ದಾರೆ. ಫೋನು ಮಾಡಿದಾಗಲೆಲ್ಲ ಆರೋಗ್ಯದ ಬಗ್ಗೆ ನಾವು ಕೇಳುವ ಮೊದಲೇ ಆಲೂಗಡ್ಡೆ ಹಾಕಿದಿರಾ ಎಂದು ಅವರು ಕೇಳುತ್ತಾರೆ.

ದೂರದ ಊರಿನವರು ನಮ್ಮ ಷೋಗೇ ಬರಬೇಕೆಂದಿಲ್ಲ. ನಿಮ್ಮ ಊರಿನ ಲೈಬ್ರರಿಯಲ್ಲೋ ವಿಲೇಜ್ ಹಾಲ್‌ನ ನೋಟಿಸ್ ಬೋರ್ಡಿನಲ್ಲೋ ಷೆಡ್ಯೂಲ್ ಇದೆಯೇ ನೋಡಿ. ಅನೇಕ ಕಡೆ ಸದಸ್ಯರಲ್ಲದವರಿಗೂ ಅವಕಾಶವಿರುತ್ತದೆ. ಅಲಾಟ್‌ಮೆಂಟ್ ಇರಲೇಬೇಕೆಂದಿಲ್ಲ, ಕುಂಡದಲ್ಲಿ ಬೆಳೆದ ಐದು ಟೊಮ್ಯಾಟೊ ಸಾಕು. ಮಕ್ಕಳಿಗೆ ತರಕಾರಿಯಲ್ಲಿ ಪ್ರಾಣಿ ಮಾಡುವುದು, ತಟ್ಟೆಯಲ್ಲಿ ಪುಟ್ಟ ತೋಟ ಮಾಡುವುದು ಇಂಥ ಕ್ಲಾಸುಗಳಿರುತ್ತವೆ, ನಮ್ಮಲ್ಲಿ ಅವಕ್ಕೆ ಶುಲ್ಕವಿಲ್ಲ. ಸಂಜೆ ಎಲ್ಲವನ್ನೂ ಹರಾಜು ಹಾಕಿ ಹಣವನ್ನು ಧರ್ಮಕಾರ್ಯಕ್ಕೆ ಕೊಡುತ್ತಾರೆ. ಅಂಗಡಿಯಲ್ಲಿ ಒಂದು ಪೌಂಡಿಗೆ ಸಿಗುವಷ್ಟು ಮೆಂತ್ಯ ಸೊಪ್ಪನ್ನು ಹೋದ ವರ್ಷ ನಮ್ಮ ಪೋಸ್ಟ್ ಆಫೀಸಿನಾಕೆ ನಾಲ್ಕು ಪೌಂಡಿಗೆ ಕೂಗಿ ಕೊಂಡರು.

ಹತ್ತಿರದವರಿಗೆ ಒಂದು ಕೋರಿಕೆ. ಈರುಳ್ಳಿ ಸಸಿಗಡ್ಡೆ, ಬೀಜದ ಆಲೂಗಡ್ಡೆ ನೆಡಲು ಇದೇ ಸಮಯ. ರನ್ನರ್ ಬೀನ್ಸ್ ಬೀಜವನ್ನು ಏಪ್ರಿಲ್ ಕೊನೆಗೆ ಮನೆಯೊಳಗೆ ಕುಂಡದಲ್ಲಿ ಹಾಕಿ, ಹಿಮ ಬೀಳುವ ಭಯ ಹೋದ ಮೇಲೆ ಹೊರಗೆ ನೆಡಿ. ಊಟದ ಹಾಲ್‌ನ ಬಾಗಿಲ ಬಳಿ ಒಂದು ಮೇಜಿನ ಮೇಲೆ ನಮ್ಮ ಷೆಡ್ಯೂಲ್ ಇಟ್ಟಿದ್ದೇವೆ, ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಈರುಳ್ಳಿ ಸಸಿಗಡ್ಡೆಯೂ ಇದೆ, ಮನೆಗೆ ಹತ್ತರಂತೆ ತೆಗೆದುಕೊಳ್ಳಿ. ಪ್ರವೇಶದ ಲಕೋಟೆ ಷೋಗೆ ಎರಡು ದಿನ ಮುಂಚೆ, ಗುರುವಾರ ಸಂಜೆ ಏಳರೊಳಗೆ ನಮ್ಮ ಮನೆ ತಲುಪಬೇಕು. ಶನಿವಾರ ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಜೋಡಿಸಲು ಸಮಯ, ಆಮೇಲೆ ಹಾಲ್ ಖಾಲಿ ಮಾಡಿಸುತ್ತೇವೆ. ತಟ್ಟೆ ನಾವೇ ಕೊಡುತ್ತೇವೆ.

ಊಟಕ್ಕೆ ಏಳಬಹುದು.