ಮರಳಿಗೆ ನೊರೆಯ ಆಸರೆ

ಬೇಸಗೆಯಲ್ಲಿ ಸೊರಬದ ದಂಡಾವತಿ ಬತ್ತಿದಾಗ ಅದರ ಮರಳಿನಲ್ಲಿ ಒರತೆ ತೋಡುವುದು ನಮ್ಮ ಬಾಲ್ಯದ ಆಟವಾಗಿತ್ತು. ಶಿಕಾರಿಪುರದಿಂದ ರಜೆಗೆ ಅಜ್ಜಿಯ ಮನೆಗೆ ಬರುತ್ತಿದ್ದ ನಮಗೆ ಮರಳಿನ ಸ್ವಭಾವ ತಿಳಿಯದು. ಒಮ್ಮೆ ಎದೆಯಾಳದ ಗುಂಡಿಗಿಳಿದ ಅಣ್ಣನ ಮೇಲೆ ನಾಲ್ಕೂ ಬದಿ ಸದ್ದಿಲ್ಲದೆ ಜಾರಿಬಂತು. ಸೋದರಮಾವ ಓಡಿಬಂದು ಎಳೆದುಹಾಕಿದರು. ಅಂದಿನಿಂದ ಮರಳೆಂದರೆ ನನಗೊಂದು ಅಳುಕು.

ಶ್ರೋತೃಗಳೇ, ಇಂಥ ಮರಳಿನಲ್ಲಿ ರೈಲಿಗೆ ಸುರಂಗ ಕೊರೆಯುವವರ ಪಾಡೇನು? 1825ರಲ್ಲಿ ಮಾರ್ಕ್ ಬ್ರೂನೆಲ್ ಕಬ್ಬಿಣದ ಗುರಾಣಿಯನ್ನು ಮುಂದೊಡ್ಡಿ ಥೇಮ್ಸ್ ನದಿಯಡಿ ತೋಡತೊಡಗಿದ. ನಡುವೆ ನದಿಯೇ ಒಳನುಗ್ಗಿ ಕೆಲಸಗಾರರು ಸತ್ತರು. ಸುರಂಗ ತೆರೆದದ್ದು 1843ರಲ್ಲಿ. ಇಂದಿನ ಗುರಾಣಿಯಂತ್ರಕ್ಕೆ ಮುಂದೆ ಹಲ್ಲುಗಳುಳ್ಳ ಚಕ್ರ, ಹಿಂದೆ ಕೋಣೆ. ಅಗೆದ ಮಣ್ಣನ್ನೇ ಕೋಣೆಯಲ್ಲಿ ಒತ್ತಿ ತುಂಬಿ ಎದುರಿನ ನೆಲಕ್ಕೆ ಆನಿಸಿ, ತಿರುಪೊಂದರಿಂದ ಹದವರಿತು ಹೊರತೆಗೆಯುತ್ತಾರೆ. ಜೇಡಿಯಾದರೆ ಸರಿ, ಮರಳು ಮಾತು ಕೇಳದು. ಒಣಗಿದ್ದರೆ ಹಲ್ಲುಗಳನ್ನು ಸವೆಸುತ್ತದೆ, ನೀರುಂಡಿದ್ದರೆ ತಿರುಪಿನ ಬಾಯಿಂದ ನುಗ್ಗಿ ಹರಿಯುತ್ತದೆ. ಒತ್ತಡ ಇಳಿದರೆ ಮೇಲಿನ ಬೀದಿ, ಮನೆಗಳೂ ಕುಸಿದಾವು.

ಇದಕ್ಕೆ ಮದ್ದು ನೊರೆ! ನೂರು ಪಾಲು ನೀರಿಗೆ ಸಾಬೂನಿನ ಜಾತಿಯ ದ್ರವ 1ರಿಂದ 3 ಪಾಲು ಬೆರೆಸಿ, ಗಾಳಿಯಿಂದ 10-20 ಪಟ್ಟು ಉಬ್ಬಿಸಿ, ಚಕ್ರದ ಮುಂದೆಯೇ ಹಾಯಿಸುತ್ತಾರೆ. ಗುಳ್ಳೆಗಳು ಕಣಗಳ ನಡುವೆ ಕುಳಿತು ತಿಕ್ಕಾಟವನ್ನು ತಗ್ಗಿಸುತ್ತವೆ, ನೀರಿನ ದಾರಿಯನ್ನು ಕಟ್ಟುತ್ತವೆ. ಮರಳು ಗಾರೆಯ ಹದಕ್ಕೆ ಬರುತ್ತದೆ. ಕಾಂಕ್ರೀಟು ಪರೀಕ್ಷಿಸುವ 30 ಸೆಂಟಿಮೀಟರ್ ಎತ್ತರದ ಅಚ್ಚಿಗೆ ಅದನ್ನು ತುಂಬಿ ಅಚ್ಚನ್ನೆತ್ತಿದಾಗ, ರಾಶಿ ಸುಮಾರು 10ರಿಂದ 20 ಸೆಂಟಿಮೀಟರ್ ತಗ್ಗಬೇಕು. ಒಡೆದು ಉದುರಿದರೆ ನೊರೆ ಸಾಲದು. ತೆಳ್ಳಗೆ ಹರಿದರೆ ಹೆಚ್ಚಾಯಿತು.

ನೀರಗುಳ್ಳೆ ಕ್ಷಣಿಕತೆಯ ಉಪಮಾನವೆಂದು ಅಲ್ಲಮ, ಅಕ್ಕಂದಿರ ಸೀಮೆಯವನಾದ ನಾನು ಕೇಳುತ್ತಲೇ ಬೆಳೆದವನು. ಈ ಗುಳ್ಳೆಯೂ ಒಡೆಯುವಂಥದೇ. ಆದರೆ ಮರಳು ತಿರುಪನ್ನು ದಾಟುವಷ್ಟು ಹೊತ್ತು ಅದು ಉಳಿದರೆ ಸಾಕು. ಯಂತ್ರ ಬಹಳ ಹೊತ್ತು ನಿಂತಾಗಲೇ ಅಂಜಿಕೆ: ನೊರೆ ಸಾಯುತ್ತದೆ, ಕೋಣೆಯಲ್ಲಿ ಮರಳು ಮತ್ತೆ ಮರಳಾಗುತ್ತದೆ.

ಬೆಂಗಳೂರಿನ ನೆಲ, ಗ್ರಾನೈಟ್ ಶಿಥಿಲವಾಗಿ ಆದ ಮರಳುಮಣ್ಣು, ನಡುನಡುವೆ ಬಂಡೆ. ಅಲ್ಲಿನ ಮೆಟ್ರೋ ಸುರಂಗಗಳಿಗೆ ಹಲವೆಡೆ ನೊರೆಯ ಬದಲು ಕೆಸರುನೀರಿನ ಒತ್ತಡದ ಯಂತ್ರಗಳನ್ನು ಇಳಿಸಿದರು. ಎರಡನೆಯ ಹಂತದ ಒಂದು ಯಂತ್ರದ ಹೆಸರು ವರದಾ. ನಮ್ಮ ದಂಡಾವತಿ ಹೋಗಿ ಸೇರುವ ನದಿಯ ಹೆಸರು. ಆ ಕೆಲಸ ನಡೆದಿದ್ದಾಗ ಬೆಂಗಳೂರಿನಲ್ಲೇ ನೆಲೆಸಿರುವ ಅಣ್ಣ ಫೋನಿನಲ್ಲಿ ಕೇಳಿದ:

“ನಮ್ಮನೆ ಕೆಳಗಿರೋದೂ ಮರಳೇನೋ?”

“ಬಂಡೆಯೂ ಇದೆ, ಅಣ್ಣ” ಎಂದೆ.