ಏರು ಹತ್ತಿ ಇಳಿಯುವ ಕಾಲುವೆ

ಕಾಲುವೆ ಎಂದರೆ ನಮಗೆ ಗದ್ದೆಗೆ ನೀರುಣಿಸುವ ನಾಲೆ. ತೂಬಿನಿಂದ ಹೊರಟ ನೀರು ಇಳಿಜಾರು ಹಿಡಿದು ಕೊನೆಯ ಹೊಲ ಮುಟ್ಟಿದರೆ ಅದರ ಕೆಲಸ ಮುಗಿಯಿತು. ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಹಾಗಲ್ಲ. ಅದನ್ನು ತೋಡಿದ್ದೇ ದೋಣಿಗಳ ಓಡಾಟಕ್ಕೆ.

ತುಲೂಸ್ ನಗರದಲ್ಲಿ ಗರೋನ್ ನದಿಯ ಬಳಿ ಹೊರಟು, ಕಾರ್ಕಸೋನ್, ಬೆಝಿಯೇ ಊರುಗಳನ್ನು ಹಾದು, 240 ಕಿಲೋಮೀಟರ್ ಸಾಗಿ ಅದು ಮೆಡಿಟರೇನಿಯನ್ ತೀರದ ಉಪ್ಪುನೀರಿನ ಸರೋವರವೊಂದನ್ನು ಸೇರುತ್ತದೆ. ಗರೋನ್ ಹರಿಯುವುದು ಅಟ್ಲಾಂಟಿಕ್ ಕಡೆಗೆ. ಎರಡನ್ನೂ ಜೋಡಿಸಿದರೆ ಸರಕು ಸ್ಪೇನನ್ನು ಸುತ್ತಿ, ಜಿಬ್ರಾಲ್ಟರ್ ದಾಟಿ ಬರಬೇಕಾಗಿಲ್ಲ.

ತೊಡಕೊಂದೇ: ನಡುವೆ ನೊರೂಝ್ ಎಂಬ ದಿಬ್ಬ. ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರ. ಏರು ಹತ್ತಲು ದೋಣಿಗಳಿಗೆ 'ಲಾಕ್' ಬೇಕು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲುಳ್ಳ ಕಟ್ಟೆ. ದೋಣಿ ಒಳಬಂದ ಮೇಲೆ ಕೆಳಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನಾಗಿ ಮೇಲೇಳುತ್ತದೆ. ಆದರೆ ಪ್ರತಿ ಸಲವೂ ಒಂದು ಕಟ್ಟೆ ನೀರು ಕೆಳಗಿಳಿದು ಹೋಗುತ್ತದೆ. ದಿಬ್ಬದ ನೆತ್ತಿಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಹಿಂದಿನ ದೊರೆಗಳ ಕನಸೆಲ್ಲ ಇಲ್ಲಿಗೇ ನಿಂತುಹೋಗಿತ್ತು.

ಉತ್ತರ ಕಂಡುಕೊಂಡವನು ಪಿಯೇರ್ ಪಾಲ್ ರಿಕೆ. ಅವನ ಕಸುಬು ಉಪ್ಪಿನ ತೆರಿಗೆ ವಸೂಲಿ. ಉತ್ತರಕ್ಕಿರುವ ಕಪ್ಪುಬೆಟ್ಟದ ಹಳ್ಳಗಳು ದಿಬ್ಬಕ್ಕಿಂತ ಮೇಲಿನವು. ಅವುಗಳನ್ನು ತಿರುವಿ, ಕಿರುನಾಲೆಗಳಲ್ಲಿ ನೊರೂಝಿಗೆ ತಂದರೆ, ಹೆಂಚಿನ ಮನೆಯ ನೆತ್ತಿಗೆ ಬಿದ್ದ ಮಳೆಯಂತೆ ನೀರು ಎರಡೂ ಕಡೆಗೆ ಇಳಿಯುತ್ತದೆ. ಬೇಸಿಗೆಯಲ್ಲೂ ಸಾಲಬೇಕಲ್ಲ? ಅದಕ್ಕೆ ಸೇಂಟ್ ಫೆರಿಯೋಲ್‌ನಲ್ಲಿ ದೊಡ್ಡ ಏರಿ ಹಾಕಿ ಜಲಾಶಯ ಕಟ್ಟಿಸಿದ.

ದೊರೆ ಹದಿನಾಲ್ಕನೇ ಲೂಯಿ 1666ರಲ್ಲಿ ಅಪ್ಪಣೆ ಕೊಟ್ಟ. ಸಾವಿರಾರು ಕೂಲಿಕಾರರು ದುಡಿದರು; ಅವರಲ್ಲಿ ಹೆಂಗಸರೂ ಇದ್ದರು. ಬೆಝಿಯೇ ಬಳಿಯ ಫೊಂಸರಾನ್‌ನಲ್ಲಿ ಇಳಿಜಾರು ಕಡಿದಾಗಿದ್ದುದರಿಂದ ಎಂಟು ಲಾಕ್‌ಗಳನ್ನು ಒಂದಕ್ಕೊಂದು ತಾಗಿಸಿ ಮೆಟ್ಟಿಲು ಕಟ್ಟಿದರು. ಮಾಲ್ಪಾದಲ್ಲಿ ಗುಡ್ಡವನ್ನೇ ಕೊರೆದು 165 ಮೀಟರ್ ಸುರಂಗ ಮಾಡಿದರು. ಖಜಾನೆಯ ಹಣ ಸಾಲದಾದಾಗ ರಿಕೆ ತನ್ನ ಆಸ್ತಿಯನ್ನೂ ಸುರಿದ. ಆದರೆ 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು ಮರುವರ್ಷದ ಮೇ ತಿಂಗಳಲ್ಲಿ. ಉಳಿದದ್ದು ಅವನ ಮಕ್ಕಳಿಗೆ ಬಂದ ಸಾಲ.

ಗೋಧಿ, ದ್ರಾಕ್ಷಾರಸ, ಅಂಚೆ, ಪ್ರಯಾಣಿಕರು ಎಲ್ಲ ಈ ದಾರಿಯಲ್ಲಿ ಸಾಗಿದರು. ದಡದಲ್ಲಿ ನಡೆಯುವ ಕುದುರೆಗಳು ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. 19ನೇ ಶತಮಾನದಲ್ಲಿ ರೈಲು ಬಂದು ವ್ಯಾಪಾರ ಕುಗ್ಗಿತು. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಓಡುವುದು ಪ್ರವಾಸಿಗರ ದೋಣಿ. ಜೊತೆಗೆ ಅದೇ ನೀರು ಅಕ್ಕಪಕ್ಕದ ಹೊಲಗಳಿಗೂ ಹರಿಯುತ್ತಿದೆ. ಸರಕು ಹೋದರೂ ನೀರು ಹೋಗಲಿಲ್ಲ. ರಿಕೆ ಮೊದಲು ಹುಡುಕಿದ್ದೂ ಅದನ್ನೇ.